ತೂಕದ ಚೀಟಿಯೂ ಅಳಿಸಲಾಗದ ಲೆಕ್ಕದ ಪುಸ್ತಕವೂ
(ಬ್ಲಾಕ್‌ಚೈನಿನಲ್ಲಿ ನಮ್ಮದೇ ನಮೂದನ್ನು ಬರೆಯುವ ಮತ್ತು ಓದುವ ಕ್ರಮ)



ಹಿಂದಿನ ರೋಬಸ್ಟಾ ಕುಯ್ಲು ಮುಗಿದು ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ ನಮ್ಮ ಸಂಘದ ಕಚೇರಿಯಲ್ಲಿ ನಡೆದ ಪ್ರಸಂಗ ನಿಮ್ಮಲ್ಲಿ ಬಹುಪಾಲು ಜನರಿಗೆ ಗೊತ್ತೇ ಇದೆ. ಸದಸ್ಯರೊಬ್ಬರು ತಂದ ತೂಕದ ಚೀಟಿಯಲ್ಲಿ ಚೆರಿ 472 ಕಿಲೋ ಎಂದಿದ್ದಂತೆ ಕಾಣುತ್ತಿತ್ತು. ನಮ್ಮ ರಿಜಿಸ್ಟರಿನಲ್ಲಿ 412 ಎಂದಿತ್ತು. ಅವರ ಕೈಯಲ್ಲಿದ್ದುದು ಕಾರ್ಬನ್ ಪ್ರತಿ. ನಡುವಿನ ಅಂಕಿಯನ್ನು 1 ಎಂದೂ ಓದಬಹುದು, 7 ಎಂದೂ ಓದಬಹುದು. ಮೂಲ ಪ್ರತಿ ಮಾಲಿನ ಜೊತೆ ಲಾರಿಯಲ್ಲಿ ಹೋದದ್ದು ಹಿಂದಿರುಗಲಿಲ್ಲ. ಚೀಲಗಳು ಅಷ್ಟರಲ್ಲಿ ಬೇರೆ ಮಾಲಿನ ಜೊತೆ ಸೇರಿಹೋಗಿದ್ದವು. "ಸೆಕ್ರೆಟ್ರಿಗಳೇ, ನನ್ನ ಚೀಟಿ ಸುಳ್ಳೋ, ನಿಮ್ಮ ಬುಕ್ಕು ಸುಳ್ಳೋ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಡಳಿತ ಮಂಡಳಿ ವ್ಯತ್ಯಾಸದ ಅರ್ಧ, ಎಂದರೆ 30 ಕಿಲೋ ಮಾಲಿನ ಹಣ ಕೊಟ್ಟು ಪ್ರಕರಣ ಮುಗಿಸಿತು. ಅವರು ಹಣ ತೆಗೆದುಕೊಂಡರು, ರಸೀದಿಗೆ ಸಹಿ ಹಾಕಿದರು. ಆದರೆ ಈ ಸಲದ ಕುಯ್ಲಿನಲ್ಲಿ ಅವರ ಮಾಲು ನಮ್ಮ ಕಣಕ್ಕೆ ಬರಲಿಲ್ಲ.

ಇದಾದ ಮೇಲೆ ಒಂದು ಕಂಪೆನಿಯ ಪ್ರತಿನಿಧಿ ನಮ್ಮ ಕಚೇರಿಗೆ ಬಂದು, ಬ್ಲಾಕ್‌ಚೈನ್ ಹಾಕಿಸಿಕೊಂಡರೆ ಇಂಥ ತಕರಾರು ಇನ್ನು ಹುಟ್ಟುವುದೇ ಇಲ್ಲ ಎಂದು ವಿವರಿಸಿ, ವರ್ಷಕ್ಕಿಷ್ಟು ಎಂದು ಚಂದಾದ ಪಟ್ಟಿ ಇಟ್ಟುಹೋದರು. ವಿಷಯ ಮುಂದಿನ ಮಹಾಸಭೆಗೆ ಬರಲಿದೆ. ತಿಳಿಯದೆ ಕೈ ಎತ್ತುವುದೂ ತಪ್ಪು, ತಿಳಿಯದೆ ಬೇಡವೆನ್ನುವುದೂ ತಪ್ಪು. ಆದ್ದರಿಂದ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದು ರಜೆಗೆ ಊರಿಗೆ ಬಂದಿದ್ದ ನನ್ನ ತಮ್ಮನ ಮಗಳನ್ನು ಕೂರಿಸಿಕೊಂಡು ಮೂರು ಸಂಜೆ ಇದನ್ನು ಕೈಯಾರೆ ಮಾಡಿ ನೋಡಿದೆ. ಕಂಡದ್ದನ್ನು ಇಲ್ಲಿ ನಿವೇದಿಸಿದ್ದೇನೆ.

ಬ್ಲಾಕ್‌ಚೈನ್ ಎಂದರೇನು?

ಹೆಸರು ದೊಡ್ಡದು, ವಸ್ತು ಸರಳ. ಅದೊಂದು ಲೆಕ್ಕದ ಪುಸ್ತಕ. ನಮ್ಮ ರಿಜಿಸ್ಟರ್ ಒಂದೇ ಬೀರುವಿನಲ್ಲಿದೆ. ಈ ಪುಸ್ತಕದ ಪ್ರತಿ ಲೋಕದ ನಾನಾ ಕಡೆಯ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಪ್ರತಿ ಹೊಸ ಪುಟದ ತಲೆಯಲ್ಲಿ ಹಿಂದಿನ ಪುಟದ ಗುರುತು ಬರೆದಿರುತ್ತದೆ. ಹಳೆಯ ಪುಟದ ಒಂದು ಅಂಕಿ ತಿದ್ದಿದರೂ ಅದರ ಗುರುತು ಬದಲಾಗಿ, ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಉಳಿದ ಕಂಪ್ಯೂಟರುಗಳು ಆ ಪ್ರತಿಯನ್ನು ತಳ್ಳಿಹಾಕುತ್ತವೆ. ಅಳಿಸಲಾಗದ ಪುಸ್ತಕ ಎನ್ನುವುದರ ಅರ್ಥ ಇಷ್ಟೇ.

ಇಂಥ ಪುಸ್ತಕಗಳಲ್ಲಿ ಮೊದಲನೆಯದು ಬಿಟ್‌ಕಾಯಿನ್. ಅದರ ಮೊದಲ ಪುಟಕ್ಕೆ 2009ರ ಜನವರಿ 3ರ ದಿನಾಂಕವಿದೆ. ಅದು ಹಣದ ಲೆಕ್ಕಕ್ಕೆ ಹುಟ್ಟಿದ್ದಾದರೂ, ಆ ಮೊದಲ ಪುಟದಲ್ಲಿಯೇ ಅಂದಿನ ಲಂಡನ್ನಿನ ಪತ್ರಿಕೆಯೊಂದರ ತಲೆಬರಹ ಸೇರಿಕೊಂಡಿದೆ. ಹಣವಲ್ಲದ ಮಾತನ್ನೂ ಈ ಪುಸ್ತಕದಲ್ಲಿ ಬರೆದಿಡಬಹುದೆಂಬುದು ಹೀಗೆ ಮೊದಲ ದಿನದಿಂದಲೇ ತೋರಿಬಂತು. 2015ರ ಜುಲೈ 30ರಂದು ಆರಂಭವಾದ ಇಥೀರಿಯಂ ಎಂಬ ಇನ್ನೊಂದು ಪುಸ್ತಕದಲ್ಲಿ ಪ್ರತಿ ನಮೂದಿನ ಜೊತೆಗೂ ನಮ್ಮದೇ ಮಾಹಿತಿಯನ್ನು ಸೇರಿಸಲು ಒಂದು ಅಂಕಣವನ್ನೇ ಬಿಟ್ಟಿದ್ದಾರೆ. ನಾವು ಪ್ರಯತ್ನಿಸಿದ್ದು ಇದರಲ್ಲಿ.

ಲೈಬ್ರರಿ ಏಕೆ ಬೇಕು?

ಇಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಬೇರೆಯವರು ಬರೆದು, ಪರೀಕ್ಷಿಸಿ, ಉಚಿತವಾಗಿ ಬಿಟ್ಟಿರುವ ಸಿದ್ಧ ಕೋಡಿನ ಕಟ್ಟು. ಔಷಧಿ ಹೊಡೆಯಲು ನಾವು ಪಂಪನ್ನು ಎರಕ ಹೊಯ್ದು ಮಾಡಿಕೊಳ್ಳುವುದಿಲ್ಲ. ಸಿದ್ಧ ಪಂಪು ತಂದು ದ್ರಾವಣ ತುಂಬುತ್ತೇವೆ. ಹಾಗೆಯೇ ಸಹಿ ಹಾಕುವ ಗಣಿತ, ಜಾಲಕ್ಕೆ ಕಳಿಸುವ ಭಾಷೆ, ಉತ್ತರ ಬಿಡಿಸುವ ಕ್ರಮ ಎಲ್ಲವೂ ಲೈಬ್ರರಿಯಲ್ಲಿ ಸಿದ್ಧವಿರುತ್ತವೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇಥೀರಿಯಮ್ಮಿಗಾಗಿ ಇರುವ ವೆಬ್‌3 ಪೈ ಎಂಬ ಲೈಬ್ರರಿಯನ್ನು ನಾವು ಬಳಸಿದೆವು. ನಮ್ಮ ಕೆಲಸಕ್ಕೆ ಬರೆಯಬೇಕಾದ ಕೋಡು ಒಂದು ಪುಟದೊಳಗೇ ಮುಗಿಯಿತು.

ನಿಜವಾದ ಪುಸ್ತಕದಲ್ಲಿ ಬರೆಯಲು ಹಣ ಬೇಕು. ಕಲಿಯುವವರಿಗೆಂದು ಹಣವಿಲ್ಲದ ಪರೀಕ್ಷಾ ಜಾಲಗಳಿವೆ. ನಾವು ಬಳಸಿದ್ದು ಸೆಪೋಲಿಯಾ ಎಂಬುದನ್ನು. ಅಲ್ಲಿಯ ನಾಣ್ಯ ಬಿಟ್ಟಿ ಸಿಗುತ್ತದೆ, ಅದಕ್ಕೆ ಬೆಲೆಯಿಲ್ಲ. ಆದರೆ ಪರೀಕ್ಷಾ ಜಾಲದಲ್ಲಿ ಬರೆದದ್ದು ಶಾಶ್ವತವೆಂದು ನಂಬಬಾರದು. ಹಿಂದಿನ ರಾಪ್‌ಸ್ಟನ್, ಗೋರ್ಲಿ ಎಂಬ ಪರೀಕ್ಷಾ ಜಾಲಗಳು ಈಗಾಗಲೇ ಮುಚ್ಚಿವೆ.

ನಮೂದು ಬರೆಯುವ ಕ್ರಮ

1. ಸಂಪರ್ಕ: ಪುಸ್ತಕದ ಪ್ರತಿ ಇರುವ ಯಾವುದಾದರೂ ಒಂದು ಕಂಪ್ಯೂಟರಿನ ವಿಳಾಸವನ್ನು ಲೈಬ್ರರಿಗೆ ಕೊಡಬೇಕು. ಇಂಥ ಕಂಪ್ಯೂಟರನ್ನು ನೋಡ್ ಎನ್ನುತ್ತಾರೆ.

2. ಖಾತೆ: ಲೈಬ್ರರಿ ನಮಗೊಂದು ಖಾಸಗಿ ಕೀಲಿಯನ್ನು ಮಾಡಿಕೊಡುತ್ತದೆ. ಅಂಕಿ ಮತ್ತು ಇಂಗ್ಲಿಷ್ ಅಕ್ಷರ ಬೆರೆತ 64 ಚಿಹ್ನೆಗಳ ಸಾಲು ಅದು. ಅದರಿಂದ 40 ಚಿಹ್ನೆಗಳ ವಿಳಾಸ ಹುಟ್ಟುತ್ತದೆ. ವಿಳಾಸವನ್ನು ಊರಿಗೆಲ್ಲ ಹೇಳಬಹುದು. ಕೀಲಿಯನ್ನು ಯಾರಿಗೂ ತೋರಿಸಬಾರದು.

3. ನಮೂದಿನ ಫಾರಂ ತುಂಬುವುದು: ಯಾರಿಗೆ, ಎಷ್ಟು ಹಣ, ಎಷ್ಟನೆಯ ನಮೂದು, ಯಾವ ಜಾಲ, ಗರಿಷ್ಠ ಶುಲ್ಕ, ನಮ್ಮ ಮಾಹಿತಿ. ನಾವು ನಮ್ಮ ವಿಳಾಸಕ್ಕೇ, ಸೊನ್ನೆ ಹಣವಿಟ್ಟು ಕಳಿಸಿದೆವು. ಬೇಕಾದದ್ದು ಮಾಹಿತಿಯ ಅಂಕಣ ಮಾತ್ರ. ಎಷ್ಟನೆಯ ನಮೂದು ಎಂಬ ಸಂಖ್ಯೆ ಚೆಕ್ಕಿನ ಹಾಳೆಯ ನಂಬರಿನಂತೆ, ಸೊನ್ನೆಯಿಂದ ಶುರುವಾಗಿ ಒಂದೊಂದೇ ಏರುತ್ತದೆ. ಬಳಸಿದ ಸಂಖ್ಯೆ ಮತ್ತೆ ನಡೆಯುವುದಿಲ್ಲ. ಜಾಲಕ್ಕೂ ಸಂಖ್ಯೆಯಿದೆ: ನಿಜವಾದ ಇಥೀರಿಯಮ್ಮಿಗೆ 1, ಸೆಪೋಲಿಯಾಕ್ಕೆ 11155111. ಒಂದು ಜಾಲಕ್ಕೆ ಹಾಕಿದ ಸಹಿ ಇನ್ನೊಂದರಲ್ಲಿ ಚಲಾವಣೆಯಾಗದಿರಲಿ ಎಂದು ಈ ಏರ್ಪಾಡು.

4. ಸಹಿ: ಕೀಲಿಯಿಂದ ಲೈಬ್ರರಿ ಫಾರಮ್ಮಿಗೆ ಸಹಿ ಹಾಕುತ್ತದೆ. ಇದು ನಮ್ಮ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ. ಕೀಲಿ ಹೊರಗೆ ಹೋಗುವುದಿಲ್ಲ, ಸಹಿಯಾದ ಕಾಗದ ಮಾತ್ರ ಹೋಗುತ್ತದೆ.

5. ರವಾನೆ: ಕಳಿಸಿದೊಡನೆ ಆ ನಮೂದಿನ ಗುರುತಿನ ಸಂಖ್ಯೆ ಕೈಗೆ ಬರುತ್ತದೆ. ಆದರೆ ಕಳಿಸಿದ ಮಾತ್ರಕ್ಕೆ ಬರೆದಂತಾಗಲಿಲ್ಲ. ಇಥೀರಿಯಮ್ಮಿನಲ್ಲಿ 12 ಸೆಕೆಂಡಿಗೊಮ್ಮೆ ಹೊಸ ಪುಟಕ್ಕೆ ಸರದಿ ಬರುತ್ತದೆ. ನಮ್ಮದು ಪುಟಕ್ಕೆ ಸೇರಿದ ಮೇಲೆ ಪುಟದ ಸಂಖ್ಯೆಯೂ, ನಡೆದಿದ್ದರೆ 1, ವಿಫಲವಾಗಿದ್ದರೆ 0 ಎಂಬ ಗುರುತೂ ಇರುವ ರಸೀದಿ ಸಿಗುತ್ತದೆ. ಆ ಪುಟ ಇನ್ನು ಬದಲಾಗದಂತೆ ಗಟ್ಟಿಯಾಗಲು ಸಾಮಾನ್ಯವಾಗಿ ಕನಿಷ್ಠ ಸುಮಾರು 13 ನಿಮಿಷ ಬೇಕು.

ಓದುವ ಕ್ರಮ

ಓದುವುದು ಇನ್ನೂ ಸುಲಭ. ಇದಕ್ಕೆ ಕೀಲಿಯೂ ಬೇಡ, ಶುಲ್ಕವೂ ಬೇಡ. ಗುರುತಿನ ಸಂಖ್ಯೆ ಕೊಟ್ಟರೆ ಲೈಬ್ರರಿ ಆ ನಮೂದನ್ನು ಯಾವುದೇ ನೋಡಿನಿಂದ ತಂದುಕೊಡುತ್ತದೆ. ಮಾಹಿತಿಯ ಅಂಕಣ ಸಂಕೇತದ ಸಾಲಾಗಿರುತ್ತದೆ. ಅದನ್ನು ಅಕ್ಷರಕ್ಕೆ ತಿರುಗಿಸಿದರೆ ಬರೆದದ್ದು ಬರೆದಂತೆಯೇ ಕಾಣುತ್ತದೆ. ನಮ್ಮ ಕಚೇರಿಗೆ ಬೀಗ ಬಿದ್ದಿರಲಿ, ಕಾರ್ಯದರ್ಶಿ ಬದಲಾಗಿರಲಿ, ಸದಸ್ಯರ ಮಗ ದುಬೈನಲ್ಲಿ ಕುಳಿತು ಓದಬಹುದು. ನಮ್ಮ ಅಪ್ಪಣೆ ಬೇಕಿಲ್ಲ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ನಿಜವಾಗಿ ಬೆಲೆಯುಳ್ಳದ್ದೆಂದು ತೋರಿದ್ದು ಇದೇ. ನನ್ನ ತಂದೆಯವರ ಕಾಲದ ಕಾಫಿ ಪೂಲ್ ನಿಮಗೆ ನೆನಪಿರಬಹುದು. 1996ರಲ್ಲಿ ಅದು ಪೂರ್ತಿ ಕೊನೆಗೊಳ್ಳುವವರೆಗೂ ಮಾಲು ಕೊಟ್ಟವನ ಕೈಯಲ್ಲಿ ಚೀಟಿ, ಲೆಕ್ಕ ಮತ್ತೊಬ್ಬರ ಕೈಯಲ್ಲಿ. ಪೂಲ್ ಹೋದರೂ ಆ ಸ್ಥಿತಿ ಹೋಗಲಿಲ್ಲ. ಇಂದು ಲೆಕ್ಕದ ಪುಸ್ತಕ ಇರುವುದು ನನ್ನ ಕೈಯಲ್ಲಿ, ಅಷ್ಟೇ.

ನಾವು ಮಾಡಿದ ತಪ್ಪು

ಎರಡನೆಯ ಸಂಜೆ ಪರೀಕ್ಷೆಗೆಂದು 412 ಕಿಲೋ ಎಂದು ಬರೆಯಹೊರಟು ನಾನು ಒಂದು ಸೊನ್ನೆ ಹೆಚ್ಚು ಒತ್ತಿ 4120 ಎಂದು ಕಳಿಸಿಬಿಟ್ಟೆ. "ಪುಟ್ಟಿ, ಇದನ್ನು ಅಳಿಸು" ಎಂದೆ. ಅವಳು ನಕ್ಕು, "ದೊಡ್ಡಪ್ಪ, ಅಳಿಸೋಕೆ ಬರಲ್ಲ ಅಂತಾನೇ ಅಲ್ವಾ ಇದಕ್ಕೆ ಬೆಲೆ? ನೀವು ಬರೆದದ್ದು ಸರಿಯೋ ತಪ್ಪೋ ಅದು ನೋಡಲ್ಲ. ನೀವೇ ಬರೆದಿದ್ದು ಅಂತ ಮಾತ್ರ ನೋಡುತ್ತೆ" ಎಂದಳು. ಕೊನೆಗೆ, ಹಿಂದಿನ ನಮೂದಿನ ಸಂಖ್ಯೆ ಹೇಳಿ, ಅದು ತಪ್ಪು, ಸರಿಯಾದದ್ದು 412 ಎಂದು ಇನ್ನೊಂದು ನಮೂದು ಬರೆದೆವು.

ಲೆಕ್ಕ ಬರೆದವರಿಗೆ ಇದು ಹೊಸದಲ್ಲ. ಜಮಾ ಖರ್ಚಿನ ಪುಸ್ತಕದಲ್ಲಿ ಅಂಕಿಯನ್ನು ಕೆರೆದು ತಿದ್ದಬಾರದು, ಎದುರು ನಮೂದು ಹಾಕಿ ಸರಿಪಡಿಸಬೇಕು ಎಂದು ಲೆಕ್ಕ ತನಿಖೆಯವರು ನಮಗೆ ಹೇಳುತ್ತಲೇ ಬಂದಿದ್ದಾರೆ. ಈ ಪುಸ್ತಕ ಆ ಶಿಸ್ತನ್ನು ಬಲವಂತವಾಗಿ ಕಲಿಸುತ್ತದೆ. ಆದರೆ ಒಂದು ಮಾತು ಗಮನಿಸಿ: ನನ್ನ 4120 ಕೂಡ 412ರಷ್ಟೇ ಭದ್ರವಾಗಿ ಅಲ್ಲಿ ಕುಳಿತಿದೆ. ತಪ್ಪಿಗೂ ಅದೇ ಬೀಗ, ಸರಿಗೂ ಅದೇ ಬೀಗ.

ಏನನ್ನು ಬರೆಯಬೇಕು, ಏನನ್ನು ಬರೆಯಬಾರದು

ಈ ಪುಸ್ತಕವನ್ನು ಯಾರು ಬೇಕಾದರೂ ಓದಬಹುದು ಎಂದ ಮೇಲೆ ಸದಸ್ಯರ ಹೆಸರು, ತೂಕ, ದರ, ಸಾಲದ ಕಂತು ಇವನ್ನು ನೇರವಾಗಿ ಬರೆಯುವುದು ತರವಲ್ಲ. ಯಾರ ಮನೆಯಲ್ಲಿ ಎಷ್ಟು ಅಡಿಕೆ ದಾಸ್ತಾನಿದೆ ಎಂದು ಮಂಡಿಯವರಿಗೆ ನಾವೇ ಡಂಗುರ ಹೊಡೆದಂತಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಅಳಿಸಲಾಗದ ಪುಸ್ತಕದಲ್ಲಿ ಹೆಸರು ಬರೆದಿಟ್ಟು ಆ ಹಕ್ಕನ್ನು ನಡೆಸಿಕೊಡುವುದು ಹೇಗೆ?

ಇದಕ್ಕೆ ಉಪಾಯವೆಂದರೆ ಹ್ಯಾಶ್. ಯಾವ ಬರಹವನ್ನಾದರೂ ಶಾ-256 ಎಂಬ ಲೆಕ್ಕಕ್ಕೆ ಹಾಕಿದರೆ 32 ಬೈಟ್ ಉದ್ದದ ಒಂದು ಗುರುತು ಹೊರಬರುತ್ತದೆ. ಇದನ್ನು ಬರಹದ ಹೆಬ್ಬೆಟ್ಟು ಎನ್ನಬಹುದು. ಅದೇ ಬರಹಕ್ಕೆ ಸದಾ ಅದೇ ಹೆಬ್ಬೆಟ್ಟು. 412 ಹೋಗಿ 472 ಆದರೆ, ಅಷ್ಟೇಕೆ, ಒಂದು ಚುಕ್ಕೆ ಹೆಚ್ಚಾದರೂ ಹೆಬ್ಬೆಟ್ಟು ಪೂರ್ತಿ ಬೇರೆ. ಹೆಬ್ಬೆಟ್ಟಿನಿಂದ ಬರಹವನ್ನು ಹಿಂದಕ್ಕೆ ಬಿಡಿಸಲು ಬರುವುದಿಲ್ಲ. ಆದ್ದರಿಂದ ಚೀಟಿ ನಮ್ಮಲ್ಲಿಯೂ ಸದಸ್ಯರಲ್ಲಿಯೂ ಇರಲಿ, ಬ್ಲಾಕ್‌ಚೈನಿಗೆ ಹೆಬ್ಬೆಟ್ಟು ಮಾತ್ರ ಹೋಗಲಿ.

ಇಲ್ಲಿಯೂ ಒಂದು ಎಚ್ಚರಿಕೆ. ಹೆಸರು, ದಿನಾಂಕ, ತೂಕ ಇಷ್ಟೇ ಇರುವ ಚೀಟಿಯಾದರೆ, ಒಂದು ಕಿಲೋದಿಂದ ಐದು ಸಾವಿರ ಕಿಲೋದವರೆಗೆ ಒಂದೊಂದೇ ತೂಕ ಹಾಕಿ ಹೆಬ್ಬೆಟ್ಟು ತೆಗೆದು ಹೋಲಿಸುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಆದಕಾರಣ ಪ್ರತಿ ಚೀಟಿಗೂ ಊಹಿಸಲಾಗದ ಒಂದು ದೊಡ್ಡ ಗುಪ್ತ ಸಂಖ್ಯೆಯನ್ನು ಕಂಪ್ಯೂಟರಿನಿಂದಲೇ ಹಾಕಿಸಿ, ಅದನ್ನೂ ಸೇರಿಸಿ ಹೆಬ್ಬೆಟ್ಟು ತೆಗೆಯಬೇಕು. ಚೀಟಿಯ ನಮೂನೆಯೂ ಒಂದೇ ಆಗಿರಬೇಕು; ಒಂದು ದಿನ 412, ಇನ್ನೊಂದು ದಿನ 412.0 ಎಂದು ಬರೆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಬರಹಗಳು.

ಖರ್ಚಿನ ಲೆಕ್ಕ

ಇಥೀರಿಯಮ್ಮಿನಲ್ಲಿ ಕೆಲಸವನ್ನು ಗ್ಯಾಸ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಯಾವುದೇ ನಮೂದಿಗೆ ಮೂಲ 21,000. 2025ರ ಮೇ ತಿಂಗಳ ಬದಲಾವಣೆಯ ನಂತರ ನಮ್ಮಂಥ ಬರಿಯ ಮಾಹಿತಿಯ ನಮೂದಿಗೆ ಬೈಟಿಗೆ 40ರಂತೆ ಹಿಡಿಯಬೇಕು. 32 ಬೈಟಿನ ಹೆಬ್ಬೆಟ್ಟಿಗೆ 1,280 ಸೇರಿ ಒಟ್ಟು 22,280 ಗ್ಯಾಸ್. ಗ್ಯಾಸಿಗೆ ಒಂದು ಗ್ವೈ ದರವಿದ್ದರೆ 0.00002228 ಈಥರ್ ಆಯಿತು. ಈಥರಿಗೆ ಎರಡು ಲಕ್ಷ ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಸುಮಾರು ನಾಲ್ಕೂವರೆ ರೂಪಾಯಿ. ಜಾಲದಲ್ಲಿ ನೂಕುನುಗ್ಗಲಾಗಿ ದರ 30 ಗ್ವೈಗೆ ಏರಿದ ದಿನ ಅದೇ ನಮೂದಿಗೆ ಸುಮಾರು 134 ರೂಪಾಯಿ. ಎರಡೂ ದರ ನಮ್ಮ ಕೈಯಲ್ಲಿಲ್ಲ. ಅಡಿಕೆ ಧಾರಣೆಯಂತೆ ಏರಿಳಿಯುತ್ತವೆ.

ಕನ್ನಡದಲ್ಲಿ ನೇರವಾಗಿ ಬರೆದರೆ ಖರ್ಚು ಇನ್ನೂ ಹೆಚ್ಚು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ತಲಾ ಮೂರು ಬೈಟ್. 'ಅಡಿಕೆ' ಎಂಬುದಕ್ಕೆ 15 ಬೈಟ್ ಆಗುತ್ತದೆ. ಹೆಬ್ಬೆಟ್ಟಿಗಾದರೆ ಬರಹ ಯಾವ ಭಾಷೆಯಲ್ಲಿದ್ದರೂ, ಎಷ್ಟು ಉದ್ದವಿದ್ದರೂ ಅದೇ 32.

ಚೀಟಿಗೊಂದು ನಮೂದು ಹಾಕಬೇಕಾಗಿಯೂ ಇಲ್ಲ. ದಿನದ ಎಲ್ಲ ಚೀಟಿಗಳ ಹೆಬ್ಬೆಟ್ಟುಗಳನ್ನು ಎರಡೆರಡಾಗಿ ಕೂಡಿಸಿ ಹೊಸ ಹೆಬ್ಬೆಟ್ಟು ತೆಗೆದು, ಅವನ್ನು ಮತ್ತೆ ಎರಡೆರಡಾಗಿ ಕೂಡಿಸುತ್ತ ಹೋದರೆ ಕೊನೆಗೆ ಒಂದೇ ಉಳಿಯುತ್ತದೆ. ರಾಲ್ಫ್ ಮರ್ಕಲ್ ಎಂಬ ವಿದ್ವಾಂಸ 1979ರಲ್ಲಿ ಹೇಳಿಕೊಟ್ಟ ಕ್ರಮವಿದು. ಆ ಒಂದನ್ನು ಸಂಜೆ ಬರೆದರೆ ಸಾಕು. ದಿನಕ್ಕೆ 64 ಚೀಟಿಗಳಿದ್ದರೆ, ತನ್ನ ಚೀಟಿ ಅದರಲ್ಲಿತ್ತೆಂದು ಸದಸ್ಯರು ತೋರಿಸಲು ಪಕ್ಕದ ಆರು ಹೆಬ್ಬೆಟ್ಟುಗಳು ಸಾಕು. ಉಳಿದವರ ಚೀಟಿಯನ್ನು ನೋಡಬೇಕಿಲ್ಲ.

ಈಥರನ್ನು ಕೊಂಡು ಇಟ್ಟುಕೊಳ್ಳುವುದಾದರೆ ಅದನ್ನು ಸಂಘದ ಲೆಕ್ಕದಲ್ಲಿ ತೋರಿಸಬೇಕು. ಇಂಥ ಆಸ್ತಿಯ ವರ್ಗಾವಣೆಯಿಂದ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇಕಡಾ 30ರ ತೆರಿಗೆ ಬಂದಿದೆ. ಲೆಕ್ಕಪರಿಶೋಧಕರನ್ನು ಕೇಳದೆ ಈ ಹೆಜ್ಜೆ ಇಡತಕ್ಕದ್ದಲ್ಲ.

ಕೀಲಿ ಯಾರ ಕೈಯಲ್ಲಿ?

ಕೀಲಿ ಕಳೆದರೆ ಹೊಸದು ಕೊಡುವ ಬ್ಯಾಂಕ್ ಮ್ಯಾನೇಜರ್ ಇಲ್ಲಿಲ್ಲ. ಕದ್ದವನು ಹಾಕಿದ ಸಹಿಯೂ ಸಂಘದ ಸಹಿಯೇ. ನಮ್ಮ ಚೆಕ್ಕಿಗೆ ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಎರಡು ಸಹಿ ಬೇಕಾಗುವಂತೆ, ಮೂರು ಕೀಲಿಗಳಲ್ಲಿ ಎರಡಾದರೂ ಸೇರಿದರೆ ಮಾತ್ರ ನಡೆಯುವ ಏರ್ಪಾಡು ಇಲ್ಲಿಯೂ ಸಾಧ್ಯ. ಖರ್ಚು ಸ್ವಲ್ಪ ಹೆಚ್ಚು, ಆದರೆ ನನ್ನೊಬ್ಬನ ಕೈಯಲ್ಲಿ ಕೀಲಿ ಇರುವುದಕ್ಕಿಂತ ಅದು ಲೇಸು.

ಮಾರಲು ಬಂದವರನ್ನು ಕೇಳಬೇಕಾದ ಪ್ರಶ್ನೆಗಳು

ಪುಸ್ತಕದ ಪ್ರತಿಗಳು ಯಾರ ಯಾರ ಕಂಪ್ಯೂಟರಿನಲ್ಲಿವೆ? ಎಲ್ಲವೂ ಒಂದೇ ಕಂಪೆನಿಯವಾದರೆ ಅದು ಆ ಕಂಪೆನಿಯ ರಿಜಿಸ್ಟರೇ ಹೊರತು ಬೇರೇನಲ್ಲ. ಕೀಲಿ ನಮ್ಮದೋ ಅವರದೋ? ಚಂದಾ ನಿಲ್ಲಿಸಿದ ಮರುದಿನವೂ ನಮ್ಮ ಹಳೆಯ ನಮೂದುಗಳನ್ನು ಸಾಮಾನ್ಯ ಲೈಬ್ರರಿಯಿಂದ ನಾವೇ ಓದಬಹುದೋ? ಸದಸ್ಯರ ಯಾವ ಮಾಹಿತಿ ಬಹಿರಂಗವಾಗುತ್ತದೆ? ಇವಕ್ಕೆ ಲಿಖಿತ ಉತ್ತರ ಕೇಳಿ ಪತ್ರ ಬರೆದಿದ್ದೇನೆ.

ಯುರೋಪಿಗೆ ಕಾಫಿ ಹೋಗಬೇಕಾದರೆ ಬ್ಲಾಕ್‌ಚೈನ್ ಕಡ್ಡಾಯ ಎಂಬ ಮಾತೂ ಕಿವಿಗೆ ಬಿದ್ದಿದೆ. ಅದು ಸರಿಯಲ್ಲ. ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮವು ಕೇಳುವುದು, ಕಾಫಿ ಬೆಳೆದ ಜಾಗದ ನಿಖರ ಗುರುತು ಮತ್ತು ಅಲ್ಲಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿಲ್ಲವೆಂಬ ಖಾತ್ರಿ. ನಾಲ್ಕು ಹೆಕ್ಟೇರಿಗೆ ಮೀರಿದ ಜಮೀನಾದರೆ ಅದರ ಸುತ್ತಳತೆಯ ಗುರುತುಗಳೂ ಬೇಕು. ಇದರ ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ. ದಾಖಲೆಯನ್ನು ಬ್ಲಾಕ್‌ಚೈನಿನಲ್ಲೇ ಇಡಬೇಕೆಂದು ಅದರಲ್ಲಿ ಹೇಳಿಲ್ಲ. ನಮ್ಮ ಕಾಫಿ ಮಂಡಳಿಯೂ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ವೇದಿಕೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ಅದು ಬೆಳೆಗಾರರಿಗೆ ತೆರೆದಿಟ್ಟ ದಾರಿಯೇ ಹೊರತು ಹೇರಿದ ಕಟ್ಟಳೆಯಾಗಿರಲಿಲ್ಲ.

ಕೊನೆಯದಾಗಿ

ಹಾಗಾದರೆ ಆ 60 ಕಿಲೋದ ತಕರಾರನ್ನು ಇದು ತಪ್ಪಿಸುತ್ತಿತ್ತೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಅರ್ಧ ಪರಿಹಾರಕ್ಕೆ ಬ್ಲಾಕ್‌ಚೈನ್ ಬೇಕಾಗಿಯೇ ಇರಲಿಲ್ಲ. ಅಚ್ಚಾದ ಚೀಟಿಯೊಂದು ಅಂದೇ ಸದಸ್ಯರ ಕೈ ಸೇರಿ, ಅದೇ ಅಂಕಿ ಅವರ ಮೊಬೈಲಿಗೂ ಹೋಗಿದ್ದರೆ 1 ಮತ್ತು 7ರ ಗೊಂದಲವೇ ಹುಟ್ಟುತ್ತಿರಲಿಲ್ಲ. ಬ್ಲಾಕ್‌ಚೈನ್ ಇದಕ್ಕೆ ಸೇರಿಸುವುದು ಒಂದನ್ನೇ: ಅಂದು ಬರೆದದ್ದನ್ನು ಸಂಘದವರು ಆಮೇಲೆ ಬದಲಿಸಿಲ್ಲ ಎಂಬುದಕ್ಕೆ ಸಂಘದ ಕೈಯಲ್ಲಿಲ್ಲದ ಸಾಕ್ಷಿ. ಅದು ಸಣ್ಣ ಲಾಭವಲ್ಲ. ಆದರೆ ತಕ್ಕಡಿಯಲ್ಲಿ ನಿಜವಾಗಿ 412 ಇತ್ತೋ 472 ಇತ್ತೋ ಎಂಬುದನ್ನು ಯಾವ ಜಾಲವೂ ಹೇಳಲಾರದು. ಅದನ್ನು ಹೇಳಬಲ್ಲವರು ತೂಕದ ಹೊತ್ತಿಗೆ ಅಲ್ಲಿ ನಿಂತಿದ್ದ ಇಬ್ಬರು ಮಾತ್ರ.

ಆದ್ದರಿಂದ ಮಹಾಸಭೆಯ ಮುಂದೆ ನನ್ನ ಸಲಹೆ ಹೀಗಿದೆ. ಮೊದಲು, ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಸಕಾಲಕ್ಕೆ ಹಾಕಿಸುವುದು. ತೂಕವನ್ನು ಗಟ್ಟಿಯಾಗಿ ಓದಿ ಹೇಳಿ, ಸದಸ್ಯರ ಸಹಿ ಪಡೆದು, ಅಚ್ಚಾದ ಚೀಟಿಯನ್ನು ಅಲ್ಲಿಯೇ ಕೊಡುವುದು. ಎರಡನೆಯದಾಗಿ, ಒಂದು ಕುಯ್ಲಿನ ಕಾಲ ಪ್ರತಿ ಸಂಜೆ ದಿನದ ಚೀಟಿಗಳ ಒಂದೇ ಹೆಬ್ಬೆಟ್ಟನ್ನು ನಾವೇ ಬರೆದು ನೋಡುವುದು. ಮೂರನೆಯದಾಗಿ, ಪ್ರಶ್ನೆಗಳಿಗೆ ಉತ್ತರ ಬರುವವರೆಗೆ ಯಾರಿಗೂ ಚಂದಾ ಕಟ್ಟದಿರುವುದು.

ಸಭೆಯ ದಿನ ಕಂಪ್ಯೂಟರಿಟ್ಟು ಬರೆಯುವುದನ್ನೂ ಓದುವುದನ್ನೂ ಎಲ್ಲರೆದುರು ಮಾಡಿ ತೋರಿಸುತ್ತೇವೆ. ಸದಸ್ಯರು ತಮ್ಮ ಮನೆಯ ಓದಿದ ಮಕ್ಕಳನ್ನೂ ಕರೆತಂದು ಪ್ರಶ್ನೆ ಕೇಳಿಸಬೇಕೆಂದು ಕೋರುತ್ತೇನೆ. ನಮ್ಮನ್ನು ಬಿಟ್ಟುಹೋದ ಆ ಸದಸ್ಯರ ಮನೆಗೆ ನಾನೇ ಹೋಗಿ ಆಹ್ವಾನ ಕೊಟ್ಟು ಬಂದಿದ್ದೇನೆ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಕಾಫಿ ಕೊಟ್ಟು ಕಳಿಸಿದರು.

— ಕಾರ್ಯದರ್ಶಿ